ಮೊದಲ ಹೆಬ್ಬೆಟ್ಟು ಯಾರದು: ಒಂದು ಗೋಕಟ್ಟೆಯ ಪ್ರಕರಣ

ಈ ಹಟ್ಟಿಯ ಹೆಸರನ್ನು ನಾನು ಹೇಳುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಪೂರ್ವಕ್ಕೆ, ಆಂಧ್ರದ ಗಡಿಗೆ ಹತ್ತಿರವಾದ ಶೇಂಗಾ ಸೀಮೆಯಲ್ಲಿದೆ ಎಂದು ತಿಳಿದರೆ ಸಾಕು. ಜನರ ಹೆಸರನ್ನೂ ಬಿಟ್ಟಿದ್ದೇನೆ, ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೆಲಸ ಮಾಡಿದ್ದು ಕಥೋಲಿಕ ಧರ್ಮಕ್ಷೇತ್ರವೊಂದರ ಸಮಾಜ ಸೇವಾ ಸಂಸ್ಥೆ. 2018ರಿಂದ 2020ರವರೆಗೆ ನಾನು ಅದರಲ್ಲಿ ಕ್ಷೇತ್ರ ಕಾರ್ಯಕರ್ತೆಯಾಗಿದ್ದೆ. ಇಂಥ ಕೆಲಸಕ್ಕೆ ಹೊಸದಾಗಿ ಬರುವವರು ನಾವು ಎಡವಿದ ಜಾಗದಲ್ಲೇ ಎಡವದಿರಲಿ ಎಂದು ಬರೆಯುತ್ತಿದ್ದೇನೆ. ಅದರಲ್ಲೂ ಕೊನೆಯಲ್ಲಿ ಹೇಳುವ ಒಂದು ತಪ್ಪು ನನ್ನದೇ.

ಒಪ್ಪತ್ತಿನ ದುಡ್ಡು

ಮೊದಲ ಸಭೆಯಲ್ಲೇ ಒಬ್ಬ ಅಜ್ಜಿ ಕೇಳಿದರು: "ಈ ದುಡ್ಡು ಯಾರದು?" ಸರ್ಕಾರದ್ದಲ್ಲ ಎಂದೆವು. "ಹಾಗಾದರೆ ಯಾರದು? ಯಾರದೋ ಇರಲೇಬೇಕಲ್ಲ" ಎಂದರು.

ಉತ್ತರ ಸ್ವಲ್ಪ ದೂರದಿಂದ ಬರಬೇಕಿತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳನ್ನು ಕಥೋಲಿಕರು ತಪಸ್ಸುಕಾಲ ಎನ್ನುತ್ತಾರೆ. ಆ ದಿನಗಳಲ್ಲಿ ಊಟ ಕಡಿಮೆ ಮಾಡಿ, ಉಳಿದ ಹಣವನ್ನು ಬಡವರಿಗೆ ಕೊಡುವುದು ಹಳೆಯ ರೂಢಿ. ಜರ್ಮನಿಯ ಧರ್ಮಾಧ್ಯಕ್ಷರು 1958ರಲ್ಲಿ ಹುಟ್ಟುಹಾಕಿದ ಮಿಸೆರಿಯೋರ್ ಎಂಬ ನೆರವು ಸಂಸ್ಥೆ ಈ ರೂಢಿಯನ್ನೇ ಆಧರಿಸಿದೆ. ಇಂಗ್ಲೆಂಡಿನಲ್ಲಿ 1960ರಲ್ಲಿ ಕಥೋಲಿಕ ಮಹಿಳಾ ಸಂಘಗಳು ಒಂದು ದಿನ ಮನೆಮಂದಿಯೆಲ್ಲ ಉಪವಾಸವಿದ್ದು, ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪದ ತಾಯಿ–ಮಗುವಿನ ಚಿಕಿತ್ಸಾಲಯಕ್ಕೆ ಹಣ ಕೂಡಿಸಿದವು. ಎರಡು ವರ್ಷದಲ್ಲಿ ಅದೇ ಕಾಫೋಡ್ ಸಂಸ್ಥೆಯಾಯಿತು. ಐರ್ಲೆಂಡಿನಲ್ಲಿ 1973ರಲ್ಲಿ ಶುರುವಾದ ಟ್ರೋಕರಾ ಪ್ರತಿ ಮನೆಗೂ ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ಕೊಡುತ್ತದೆ, ಮಕ್ಕಳು ಅದರಲ್ಲಿ ಚಿಲ್ಲರೆ ಹಾಕುತ್ತಾರೆ. ನಮ್ಮ ದೇಶದಲ್ಲಿ ಇಂಥ ಕೆಲಸಗಳನ್ನು ಕೂಡಿಸುವ ಕಾರಿತಾಸ್ ಇಂಡಿಯಾ ಶುರುವಾದದ್ದು 1962ರಲ್ಲಿ. ನಮ್ಮ ಹಟ್ಟಿಗೆ ಹಣ ಬಂದದ್ದು ಯುರೋಪಿನ ಇಂಥ ಒಂದು ಸಂಸ್ಥೆಯಿಂದ. ಯಾವುದು ಎಂಬುದು ಇಲ್ಲಿ ಬೇಡ.

ಇದನ್ನೆಲ್ಲ ನನಗೆ ತಿಳಿದಂತೆ ಹೇಳಿದೆ. ಅಜ್ಜಿ ಕೇಳಿಸಿಕೊಂಡು, "ನಾವು ಶ್ರಾವಣ ಸೋಮವಾರ ಒಪ್ಪತ್ತು ಇರುತ್ತೇವಲ್ಲ, ಹಾಗೆ. ಇದು ಒಪ್ಪತ್ತಿನ ದುಡ್ಡು" ಎಂದರು. ಅಂದಿನಿಂದ ಹಟ್ಟಿಯಲ್ಲಿ ಯೋಜನೆಯ ಹೆಸರೇ ಅದಾಯಿತು. ನಮ್ಮ ಕಡತಗಳಲ್ಲಿ ಇದ್ದ ಉದ್ದನೆಯ ಹೆಸರು ಯಾರಿಗೂ ಬೇಕಾಗಲಿಲ್ಲ. ಆ ಎರಡು ಪದ ಮುಂದೆ ನಮ್ಮನ್ನೇ ಕಟ್ಟಿಹಾಕಿದವು. ಯಾರೋ ಬಿಟ್ಟ ಊಟವನ್ನು ಪೋಲು ಮಾಡುವುದು ಹೇಗೆ?

ಹಟ್ಟಿ, ಕಾಲೊನಿ, ಗುಳೆ

ಹಟ್ಟಿಯಲ್ಲಿ ಹೆಚ್ಚಿನವರು ಮ್ಯಾಸನಾಯಕರು, ಮೂಲತಃ ದನ ಕಾಯುವ ಬುಡಕಟ್ಟಿನವರು. ಹಟ್ಟಿಯ ದೇವರಿಗೆ ಬಿಟ್ಟ ಎತ್ತುಗಳ ಮಂದೆ ಇದೆ. ಆ ಎತ್ತುಗಳನ್ನು ಗೇಯಲು ಹೂಡುವುದಿಲ್ಲ, ಮಾರುವುದೂ ಇಲ್ಲ. ಅವುಗಳನ್ನು ಕಾಯುವವನು ಕಿಲಾರಿ. ಸ್ವಲ್ಪ ದೂರದಲ್ಲಿ ದಲಿತರ ಕಾಲೊನಿ. ಎರಡಕ್ಕೂ ನಡುವೆ ಹೂಳು ತುಂಬಿ, ಬಳ್ಳಾರಿ ಜಾಲಿ ಬೆಳೆದುಹೋಗಿದ್ದ ಹಳೆಯ ಗೋಕಟ್ಟೆ, ಅಂದರೆ ದನಕರು ನೀರು ಕುಡಿಯುವ ಕಟ್ಟೆ.

ಈ ಸೀಮೆಯಲ್ಲಿ ಮಳೆ ವರ್ಷಕ್ಕೆ ಸರಾಸರಿ 500 ಮಿಲಿಮೀಟರಿನ ಆಸುಪಾಸು. 2018ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು, ಶೇಂಗಾ ಬಳ್ಳಿಯಲ್ಲೇ ಒಣಗಿತು. ದೀಪಾವಳಿ ಕಳೆಯುತ್ತಿದ್ದಂತೆ ಮೇಸ್ತ್ರಿಗಳು ಮುಂಗಡ ಹಿಡಿದುಕೊಂಡು ಬಂದರು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಗಂಡ ಹೆಂಡತಿ ಇಬ್ಬರೂ ಗುಳೆ ಹೊರಟರೆ ಮನೆಯಲ್ಲಿ ಉಳಿಯುವುದು ಮುದುಕರು, ಶಾಲೆಗೆ ಹೋಗುವ ಮಕ್ಕಳು, ಕಟ್ಟಿದ ದನ. ಕಾಲೊನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಬೀಗ ಬಿದ್ದಿತ್ತು.

ನಾವು ಮೊದಲು ಮಾಡಿದ್ದು

ಕೊಳವೆ ಬಾವಿ ಕೊರೆಸಿದೆವು. ಎಲ್ಲರೂ ಅದನ್ನೇ ಕೇಳಿದ್ದರು, ದಾನಿ ಸಂಸ್ಥೆಗೆ ಕಳುಹಿಸಿದ ಯೋಜನೆಯಲ್ಲೂ ಅದೇ ಇತ್ತು, ನಮಗೂ ಬೇರೆ ತೋಚಲಿಲ್ಲ. 600 ಅಡಿಗೆ ನೀರು ಸಿಕ್ಕಿತು. ಕಾಲೊನಿಯ ಬಳಿ ಒಂದು ಸಿಸ್ಟನ್ ಕಟ್ಟಿಸಿ, ನಲ್ಲಿ ಕೂರಿಸಿ, ಫೋಟೋ ತೆಗೆದು ಕಳುಹಿಸಿದೆವು. ನೀರಿನ ಪರೀಕ್ಷೆಯ ವರದಿ ಬರುವ ಹೊತ್ತಿಗೆ ಜನ ಕುಡಿಯಲು ಶುರು ಮಾಡಿಯಾಗಿತ್ತು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿತ್ತು. ಈ ಜಿಲ್ಲೆಯ ನೆಲದಾಳದ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸಂಗತಿಯಲ್ಲ. ಪರೀಕ್ಷೆ ಮೊದಲು, ನಲ್ಲಿ ಆಮೇಲೆ ಎಂಬ ಕ್ರಮವನ್ನು ನಾವು ಪಾಲಿಸಲಿಲ್ಲ, ಅಷ್ಟೇ. ಕುಡಿಯಲು ಪಕ್ಕದೂರಿನ ಶುದ್ಧ ನೀರಿನ ಘಟಕದಿಂದಲೇ ತನ್ನಿ, ಇದು ಬಳಕೆಗೆ ಮಾತ್ರ ಎಂದು ಮನೆಮನೆಗೆ ಹೋಗಿ ಹೇಳಿಬರಬೇಕಾಯಿತು. 2019ರ ಏಪ್ರಿಲ್‌ನಲ್ಲಿ ಆ ಬಳಕೆಯ ನೀರೂ ನಿಂತಿತು.

ಅಜ್ಜಿ ನಮ್ಮನ್ನು ಬೈಯಲಿಲ್ಲ. "ಒಪ್ಪತ್ತಿನ ದುಡ್ಡು ನೆಲಕ್ಕೆ ಹೋಯಿತಲ್ಲ" ಎಂದಷ್ಟೇ ಹೇಳಿದರು.

ಜೆಸಿಬಿಯೋ ನಮೂನೆ 6ರೋ

ಉಳಿದ ಹಣದಲ್ಲಿ ಗೋಕಟ್ಟೆಯ ಹೂಳು ತೆಗೆಸುವುದೆಂದು ಹಟ್ಟಿ, ಕಾಲೊನಿ ಎರಡೂ ಕಡೆಯವರು ಒಪ್ಪಿದರು. ಹೇಗೆ ಎಂಬಲ್ಲಿ ನಮ್ಮ ಕಚೇರಿ ಎರಡಾಯಿತು. ಜೆಸಿಬಿ ಬಾಡಿಗೆಗೆ ತಂದರೆ ಹತ್ತು ಹನ್ನೆರಡು ದಿನದ ಕೆಲಸ, ಮುಂಗಾರಿಗೆ ಮುಂಚೆ ಮುಗಿಯುತ್ತದೆ ಎಂಬುದು ಲೆಕ್ಕ ನೋಡುವವರ ವಾದ. ಆ ವಾದ ಸುಳ್ಳೇನೂ ಆಗಿರಲಿಲ್ಲ. ಆದರೆ ನಿರ್ದೇಶಕಿಯಾಗಿದ್ದ ಸಿಸ್ಟರ್ ಒಪ್ಪಲಿಲ್ಲ. ಕೆಳಗಿನವರು ತಾವೇ ಮಾಡಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳುವುದು ಅನ್ಯಾಯ ಎಂದು 1931ರಲ್ಲಿ ಹನ್ನೊಂದನೇ ಪಯಸ್ ಪೋಪರು ತಮ್ಮ ವಿಶ್ವಪತ್ರದಲ್ಲಿ ಹೇಳಿದ್ದನ್ನು ಸಿಸ್ಟರ್ ನೆನಪಿಸಿದರು. ಆಮೇಲೆ ಹಟ್ಟಿಯ ಮಾತಿಗೆ ಬಂದರು: "ಕೂಲಿ ಇಲ್ಲವೆಂದು ಗುಳೆ ಹೋಗುವ ಊರಿಗೆ ನಾವೇ ಯಂತ್ರ ತಂದು ಮಣ್ಣು ತೆಗೆಸಿದರೆ, ಆ ಕೂಲಿಯನ್ನು ಕಿತ್ತುಕೊಂಡವರು ಯಾರು?"

ಕಾನೂನು ಸಿದ್ಧವಾಗಿಯೇ ಇತ್ತು. ಆಗ ಜಾರಿಯಲ್ಲಿದ್ದ 2005ರ ಉದ್ಯೋಗ ಖಾತ್ರಿ ಕಾಯ್ದೆಯಂತೆ ಹಳ್ಳಿಯ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 100 ದಿನದ ಕೆಲಸ ಸಿಗಬೇಕಿತ್ತು. ಅರ್ಜಿ ಕೊಟ್ಟರೆ ದಿನಾಂಕವಿರುವ ಸ್ವೀಕೃತಿ, 15 ದಿನದೊಳಗೆ ಕೆಲಸ, ಕೊಡದಿದ್ದರೆ ನಿರುದ್ಯೋಗ ಭತ್ಯೆ. ಗುತ್ತಿಗೆದಾರರಿಗೆ ಜಾಗವಿರಲಿಲ್ಲ. ಹಟ್ಟಿಯಲ್ಲಿ ಹಲವರ ಬಳಿ ಉದ್ಯೋಗ ಚೀಟಿಯೂ ಇತ್ತು. ಕೆಲಸ ಬೇಕೆಂದು ನಮೂನೆ 6ರಲ್ಲಿ ಬರೆದು ಕೊಟ್ಟವರು ಮಾತ್ರ ಒಬ್ಬರೂ ಇರಲಿಲ್ಲ.

ಕಟ್ಟಡಕ್ಕೆಂದು ಇಟ್ಟ ಹಣವನ್ನು ಹಟ್ಟಿ, ಕಾಲೊನಿಯವರ ಸಂಘ ಕಟ್ಟಲು, ತರಬೇತಿಗೆ, ಓಡಾಟಕ್ಕೆ ಬದಲಾಯಿಸಿಕೊಡಿ ಎಂದು ದಾನಿ ಸಂಸ್ಥೆಗೆ ಬರೆದೆವು. ಇಂಥ ಪತ್ರ ಬರೆಯುವುದು ಸುಲಭವಲ್ಲ. ಮುಂದಿನ ವರದಿಯಲ್ಲಿ ತೋರಿಸಲು ಕಟ್ಟಡ ಇರುವುದಿಲ್ಲ, ಹಿಂದಿನ ಕೊಳವೆ ಬಾವಿಯ ಸೋಲನ್ನೂ ಒಪ್ಪಿಕೊಳ್ಳಬೇಕು. ಫ್ಲೋರೈಡ್ ವರದಿಯನ್ನು ಪತ್ರದ ಜೊತೆಗೇ ಕಳುಹಿಸಿ ಎಂದು ಸಿಸ್ಟರ್ ಹಟ ಹಿಡಿದರು. ಒಪ್ಪಿಗೆ ಬರಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ವರ್ಷದ ಮುಂಗಾರು ಹೂಳು ತುಂಬಿದ ಗೋಕಟ್ಟೆಯ ಮೇಲೆಯೇ ಸುರಿದುಹೋಯಿತು. ಹಟ್ಟಿಯ ಯುವಕರು ನಮ್ಮ ಮೇಲೆ ಸಿಟ್ಟಾದದ್ದು ನ್ಯಾಯವೇ. ಆದರೂ ಆ ನಿರ್ಧಾರ ಸರಿ ಎಂದೇ ನಾನು ಇಂದಿಗೂ ನಂಬುತ್ತೇನೆ.

ಗಾಳಿಮಾತು

ಇದೇ ಸಮಯದಲ್ಲಿ ಸುದ್ದಿಯೊಂದು ಹಬ್ಬಿತು: ಇವರು ಸಂಘದ ನೆಪದಲ್ಲಿ ಮತ ಬದಲಿಸಲು ಬಂದಿದ್ದಾರೆ. ಹಟ್ಟಿಯಲ್ಲಿ ಕ್ರೈಸ್ತರ ಒಂದು ಮನೆಯೂ ಇರಲಿಲ್ಲ. ನಾನೂ ಕ್ರೈಸ್ತಳಲ್ಲ. ಆದರೆ ಅನುಮಾನಕ್ಕೆ ಇಂಥ ಉತ್ತರ ಸಾಲದು.

ಸಿಸ್ಟರ್ ಎರಡು ಕೆಲಸ ಮಾಡಿದರು. ಸಂಘದ ಸಭೆಯನ್ನು ಮಾರಮ್ಮನ ಗುಡಿಯ ಮುಂದಿನ ಬಯಲಿಗೆ ಕೊಂಡೊಯ್ದರು, ಯಾರು ಬೇಕಾದರೂ ಬಂದು ಕೇಳಬಹುದು ಎಂದರು. ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳೂ ಅಂಗನವಾಡಿಯ ಗೋಡೆಗೆ ಅಂಟಿಸಲು ಹೇಳಿದರು. ನನ್ನ ಸಂಬಳವೂ ಅದರಲ್ಲಿತ್ತು. ಪರಿಹಾರ ಸಂಸ್ಥೆಗಳಿಗಾಗಿ 1994ರಲ್ಲಿ ರೂಪುಗೊಂಡ ನಡತೆಯ ಸಂಹಿತೆಯನ್ನು ಅಂತರರಾಷ್ಟ್ರೀಯ ಕಾರಿತಾಸ್ ಒಪ್ಪಿಕೊಂಡಿದೆ. ನೆರವನ್ನು ಯಾವುದೇ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸುವುದಿಲ್ಲ ಎಂಬುದು ಅದರ ಒಂದು ನಿಯಮ. ಸಿಸ್ಟರ್ ಅದನ್ನು ಓದಿ ಹೇಳಲಿಲ್ಲ. ಹಾಗೆ ನಡೆದುಕೊಂಡರು. ಸುದ್ದಿ ಪೂರ್ತಿ ಅಡಗಿತೆಂದು ಹೇಳಲಾರೆ. ಆದರೆ ಸಂಘ ಬಿಟ್ಟವರು ಇಬ್ಬರೇ.

ಸ್ವೀಕೃತಿಗಾಗಿ ಒಂದು ದಿನ

2019ರ ಅಕ್ಟೋಬರ್ 2ರ ಗ್ರಾಮ ಸಭೆಯಲ್ಲಿ ಗೋಕಟ್ಟೆಯ ಕಾಮಗಾರಿಯನ್ನು ಕ್ರಿಯಾ ಯೋಜನೆಗೆ ಸೇರಿಸಿ ಎಂದು ಮಹಿಳೆಯರು ಎದ್ದು ಹೇಳಿದರು. ಸೇರಿತು. ಮುಂದಿನ ಮೆಟ್ಟಿಲು ನಮೂನೆ 6. ಜನವರಿಯಲ್ಲಿ ಹಟ್ಟಿಯವರೂ ಕಾಲೊನಿಯವರೂ ಒಟ್ಟಾಗಿ ಪಂಚಾಯಿತಿಗೆ ಹೋದರು. ಅರ್ಜಿ ತೆಗೆದುಕೊಂಡ ಸಿಬ್ಬಂದಿ ಸ್ವೀಕೃತಿ ಕೊಡಲು ಒಪ್ಪಲಿಲ್ಲ. "ಕೆಲಸ ಬಂದಾಗ ಹೇಳಿ ಕಳುಹಿಸುತ್ತೇವೆ, ಹೋಗಿ" ಎಂದರು.

ಸ್ವೀಕೃತಿ ಇಲ್ಲದಿದ್ದರೆ 15 ದಿನದ ಎಣಿಕೆ ಶುರುವಾಗುವುದೇ ಇಲ್ಲ. ಇದನ್ನು ತರಬೇತಿಯಲ್ಲಿ ಹೇಳಿದ್ದೆವು, ಆದರೆ ಅದರ ಬೆಲೆ ಅವರಿಗೆ ಗೊತ್ತಾದದ್ದು ಆ ಜಗಲಿಯ ಮೇಲೆ. ಬೆಳಿಗ್ಗೆ ಕೂತವರು ಸಂಜೆ ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ನಾನು ಒಳಗೆ ಹೋಗಿ ಮಾತನಾಡಲು ಹೊರಟಾಗ ಅಜ್ಜಿ ಕೈ ಹಿಡಿದು ಕೂರಿಸಿದರು. "ನೀನು ಮಾತಾಡಿದರೆ ನಿನಗೆ ಕೊಡುತ್ತಾರೆ. ನಮಗೆ ಬೇಕು." ಕತ್ತಲಾಗುವ ಮುನ್ನ ಪಿಡಿಒ ಮುದ್ರೆ ಹಾಕಿದ ಚೀಟಿ ಕೊಟ್ಟರು. ಇಡೀ ಪ್ರಕರಣದ ತಿರುವು ಎಲ್ಲಿ ಎಂದು ಕೇಳಿದರೆ ನಾನು ತೋರಿಸುವುದು ಆ ಜಗಲಿಯನ್ನೇ.

ಈ ನಡುವೆ ಗುತ್ತಿಗೆದಾರನೊಬ್ಬ ಬಂದ. ಚೀಟಿ, ಬ್ಯಾಂಕ್ ಪುಸ್ತಕ ನನ್ನ ಕೈಗೆ ಕೊಡಿ, ಯಂತ್ರದಲ್ಲಿ ಕೆಲಸ ಮುಗಿಸುತ್ತೇನೆ, ಬಂದ ಹಣದಲ್ಲಿ ನಿಮಗೂ ಒಂದು ಪಾಲು, ಮೈ ನೋಯಿಸಿಕೊಳ್ಳುವುದು ಯಾಕೆ ಎಂದ. ಕೆಲವು ಮನೆಯವರು ಕೊಟ್ಟೂಬಿಟ್ಟರು. ಸಂಘದವರು ಅವರನ್ನು ಹಂಗಿಸಲಿಲ್ಲ, ಮನೆಗೆ ಹೋಗಿ ಕೂತು, ಪುಸ್ತಕ ವಾಪಸ್ ತರಿಸಿದರು.

ಫೆಬ್ರುವರಿಯಲ್ಲಿ ಕೆಲಸ ಶುರುವಾಯಿತು. ಆಗ ಕೂಲಿ ದಿನಕ್ಕೆ 249 ರೂಪಾಯಿ. ಮೊದಲ ವಾರ ಅಷ್ಟು ಬರಲಿಲ್ಲ, ಏಕೆಂದರೆ ಕೂಲಿ ತೆಗೆದ ಮಣ್ಣಿನ ಅಳತೆಯ ಮೇಲೆ. ಮೇಲಿನ ಹೂಳು ಹೋದ ಮೇಲೆ ಸಿಕ್ಕಿದ್ದು ಗುದ್ದಲಿ ಹಿಡಿಯದ ಗರಸು. ಮಹಿಳೆಯರು ಗಂಟು ಹಾಕಿದ ಹಗ್ಗವೊಂದನ್ನು ಮಾಡಿಕೊಂಡರು, ಗಂಟಿಗೆ ಒಂದು ಮೊಳ. ಎಂಜಿನಿಯರ್ ಟೇಪು ಹಿಡಿಯುವ ಮುಂಚೆ ತಾವೂ ಅಳೆದು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟರು. ಮುಂದಿನ ವಾರ ಗಟ್ಟಿ ನೆಲದ ದರ ಹಿಡಿದರು, ಕೂಲಿ ಏರಿತು. ಮಾರ್ಚ್ 24ರ ಲಾಕ್‌ಡೌನ್ ಕೆಲಸ ನಿಲ್ಲಿಸಿತು. ಏಪ್ರಿಲ್ ಕೊನೆಗೆ ಮತ್ತೆ ಶುರುವಾದಾಗ ಕೂಲಿ 275 ಆಗಿತ್ತು, ಬೆಂಗಳೂರಿನಿಂದ ವಾಪಸ್ ಬಂದ ಹುಡುಗರೂ ಬುಟ್ಟಿ ಹೊತ್ತರು.

ಕಿಲಾರಿಯ ಮಾತು

ಕೆಲಸದ ಮೊದಲ ವಾರವೇ ಕಿಲಾರಿ ಅಜ್ಜ ಏರಿಯ ಮೇಲೆ ನಿಂತು, "ಇಷ್ಟು ತೋಡುತ್ತೀರಿ. ನೀರು ಯಾವ ದಾರಿಯಲ್ಲಿ ಬರಬೇಕು?" ಎಂದ. ಎಂಜಿನಿಯರ್ ಅಂದಾಜಿನಲ್ಲೂ ನಮ್ಮ ಯೋಜನೆಯಲ್ಲೂ ಈ ಪ್ರಶ್ನೆ ಇರಲಿಲ್ಲ. ಗೋಕಟ್ಟೆಗೆ ನೀರು ತರುತ್ತಿದ್ದ ಹಳ್ಳವನ್ನು ಮೇಲಿನ ಹೊಲದ ಯಜಮಾನರು ವರ್ಷಗಳ ಹಿಂದೆಯೇ ಬದು ಹಾಕಿ ಹೊಲಕ್ಕೆ ಸೇರಿಸಿಕೊಂಡಿದ್ದರು. ಗ್ರಾಮ ನಕ್ಷೆ ತೆಗೆಸಿ ನೋಡಿದೆವು. ಹಳ್ಳ 'ಬಿ' ಖರಾಬು, ಅಂದರೆ ಸಾರ್ವಜನಿಕರದ್ದು. ಒತ್ತುವರಿ ಅಳೆದು ತೆರವು ಮಾಡಿಕೊಡಿ ಎಂದು ತಹಶೀಲ್ದಾರರಿಗೆ ಅರ್ಜಿ ಬರೆದೆವು.

ಭೂಮಾಪಕರು ಬಂದದ್ದು ಜೂನ್‌ನಲ್ಲಿ. ಕಲ್ಲು ನೆಟ್ಟರು, ಯಜಮಾನರು ಬದು ತೆಗೆಯಲಿಲ್ಲ. ಕೊನೆಗೆ ಹಟ್ಟಿಯ ಹಿರಿಯರು ಸೇರಿದಾಗ ಕಿಲಾರಿ ಅಜ್ಜ ಕಾನೂನಿನ ಮಾತನ್ನೇ ಎತ್ತಲಿಲ್ಲ. "ದೇವರ ಎತ್ತುಗಳು ಬಾಯಾರಿ ನಿಂತಿವೆ. ನೀರಿಗೆ ಅಡ್ಡ ಯಾರು ಎಂದು ನಾನು ಅವುಗಳಿಗೆ ಏನು ಹೇಳಲಿ?" ಎಂದ. ಯಜಮಾನರು ಹಳ್ಳದ ಅರ್ಧ ಅಗಲ ಬಿಟ್ಟುಕೊಟ್ಟರು. ಪೂರ್ತಿ ಅಗಲ ಇವತ್ತಿಗೂ ಬಿಟ್ಟಿಲ್ಲ. ಭೂಮಾಪಕರ ಕಲ್ಲು ಇಲ್ಲದಿದ್ದರೆ ಅಜ್ಜನ ಮಾತು ಸಾಲುತ್ತಿರಲಿಲ್ಲ, ಅಜ್ಜನ ಮಾತಿಲ್ಲದಿದ್ದರೆ ಕಲ್ಲು ಹೊಲದ ನಡುವೆ ಸುಮ್ಮನೆ ನಿಂತಿರುತ್ತಿತ್ತು.

ಸೆಪ್ಟೆಂಬರ್ ಮಳೆಗೆ ಗೋಕಟ್ಟೆ ತುಂಬಿತು. ಅದೇ ತಿಂಗಳು ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ವಿದೇಶದಿಂದ ಪಡೆದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ ಎಂದಾಯಿತು, ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು. ನಮಗೆ ಹಣ ಬರುತ್ತಿದ್ದುದು ಮೇಲಿನ ಸಂಸ್ಥೆಯೊಂದರ ಮೂಲಕ. ಕೊನೆಯ ಕಂತು ಬರಲಿಲ್ಲ. ಇಬ್ಬರು ಕಾರ್ಯಕರ್ತರನ್ನು ಬಿಡಬೇಕಾಯಿತು, ನಾನು ಅವರಲ್ಲಿ ಒಬ್ಬಳು. ಮುಂದಿನ ಜನವರಿಯಲ್ಲಿ ಸಂಘದವರು ನಾವಿಲ್ಲದೆಯೇ ನಮೂನೆ 6 ಕೊಟ್ಟು ಬದು ನಿರ್ಮಾಣದ ಕೆಲಸ ಪಡೆದರು. ಜೆಸಿಬಿಯಲ್ಲಿ ಮುಗಿಸಿದ್ದರೆ ಆ ಜನವರಿಯಲ್ಲಿ ಅವರ ಕೈಯಲ್ಲಿ ಏನು ಉಳಿಯುತ್ತಿತ್ತು ಎಂದು ಯೋಚಿಸುತ್ತೇನೆ.

ಮತ್ತು ಇತರರು

ಈಗ ನನ್ನ ತಪ್ಪು. ತಹಶೀಲ್ದಾರರ ಅರ್ಜಿಗೆ ಸಹಿ ಮಾಡಿಸಿದ್ದು ನಾನು. ಹಟ್ಟಿಯ ಮಹಿಳೆಯರು ಹಿಂದುಮುಂದು ನೋಡುತ್ತಿದ್ದರು. ಕಾಲೊನಿಯ ಒಬ್ಬ ಹೆಂಗಸು ಎಲ್ಲರಿಗಿಂತ ಧೈರ್ಯದವಳು, ಪಂಚಾಯಿತಿ ಜಗಲಿಯಲ್ಲೂ ಮುಂದೆ ಕೂತವಳು. ಅವಳ ಮುಂದೆ ಇಂಕ್ ಪ್ಯಾಡ್ ಹಿಡಿದೆ. ಹೆಬ್ಬೆಟ್ಟು ಒತ್ತಿದಳು. ಅವಳನ್ನು ನೋಡಿ ಉಳಿದವರೂ ಒತ್ತಿದರು. ನನಗೆ ಆ ಕ್ಷಣ ಹೆಮ್ಮೆ ಎನಿಸಿತ್ತು.

ಸರ್ಕಾರಿ ನೋಟಿಸಿನಲ್ಲಿ ಅರ್ಜಿದಾರರೆಲ್ಲರ ಹೆಸರು ಇರುವುದಿಲ್ಲ. ಮೊದಲ ಹೆಸರು ಬರೆದು "ಮತ್ತು ಇತರರು" ಎನ್ನುತ್ತಾರೆ. ಯಜಮಾನರ ಕೈಗೆ ಹೋದ ನೋಟಿಸಿನಲ್ಲಿ ಇದ್ದದ್ದು ಅವಳ ಹೆಸರು ಒಂದೇ. ಅವಳು ವರ್ಷದ ಬಹುಪಾಲು ಕೂಲಿಗೆ ಹೋಗುತ್ತಿದ್ದದ್ದು ಅದೇ ಹೊಲಕ್ಕೆ. ಆ ಮುಂಗಾರಿನಲ್ಲಿ ಕಳೆ ತೆಗೆಯಲು ಅವಳನ್ನು ಕರೆಯಲಿಲ್ಲ, ಶೇಂಗಾ ಕೀಳಲೂ ಕರೆಯಲಿಲ್ಲ. ಸುತ್ತಲಿನ ಹೊಲದವರೂ ಯಜಮಾನರನ್ನು ಎದುರು ಹಾಕಿಕೊಳ್ಳಲು ಇಷ್ಟಪಡಲಿಲ್ಲ. ಉದ್ಯೋಗ ಖಾತ್ರಿಯ ದಿನಗಳು ಮುಗಿದಿದ್ದವು. ಗೋಕಟ್ಟೆ ತುಂಬಿ ನಿಂತ ವರ್ಷವೇ ಅವಳೂ ಗಂಡನೂ ಮುಂಗಡ ಪಡೆದು ಕಾಫಿ ತೋಟಕ್ಕೆ ಹೋದರು. ಆ ಹೊತ್ತಿಗೆ ನಮ್ಮ ಹಣವೂ ನಿಂತಿತ್ತು, ನಾನೂ ಅಲ್ಲಿರಲಿಲ್ಲ. ಬೇರೆಯವರಿಗೆ ಜಮೀನು ಇತ್ತು, ಕುಲದ ಬೆಂಬಲ ಇತ್ತು. ಅವಳಿಗೆ ಎರಡೂ ಇರಲಿಲ್ಲ. ಧೈರ್ಯವೊಂದೇ ಇತ್ತು, ನಾನು ಅದನ್ನು ಬಳಸಿಕೊಂಡೆ. ಸಹಿಗೆ ಮುಂಚೆ, ಇದರಿಂದ ನಿನಗೇನಾಗಬಹುದು ಎಂದು ಒಂದು ಮಾತು ಅವಳನ್ನು ಕೇಳಬೇಕಿತ್ತು. ಸಾಮಾಜಿಕ ನ್ಯಾಯ ಎಂಬ ಪದವನ್ನು ವರದಿಯ ಪ್ರತಿ ಪುಟದಲ್ಲೂ ಬರೆಯುತ್ತಿದ್ದೆ, ಈ ಪ್ರಶ್ನೆ ಮಾತ್ರ ಹೊಳೆಯಲಿಲ್ಲ.

2021ರ ಮಾರ್ಚ್‌ನಲ್ಲಿ ಅವಳು ವಾಪಸ್ ಬಂದ ಸುದ್ದಿ ತಿಳಿದು, ಬಸ್ ಹಿಡಿದು ಹೋದೆ. ಕ್ಷಮೆ ಕೇಳಿದೆ. ಅವಳು ಚಹಾ ಕೊಟ್ಟಳು, ಮಗಳ ಶಾಲೆಯ ಮಾತಾಡಿದಳು, ಆ ವಿಷಯಕ್ಕೆ ಬರಲೇ ಇಲ್ಲ. ಹೊರಡುವಾಗ ಒಳಗಿನಿಂದ ಒಂದು ಕಾಗದ ತಂದು ತೋರಿಸಿದಳು. ಹಳ್ಳದ ಉಳಿದ ಅರ್ಧದ ಬಗ್ಗೆ ಸಂಘ ಬರೆದಿದ್ದ ಹೊಸ ಅರ್ಜಿಯ ಪ್ರತಿ. ಕೆಳಗೆ ಸಹಿಗಳ ಸಾಲು ಇರಲಿಲ್ಲ. ಊಟದ ತಟ್ಟೆಯನ್ನು ಬೋರಲು ಹಾಕಿ ಗೆರೆ ಎಳೆದು, ಆ ಗೆರೆಯ ಸುತ್ತ ಹಟ್ಟಿ ಕಾಲೊನಿ ಎಂದಿಲ್ಲದೆ ಹೆಬ್ಬೆಟ್ಟು, ಸಹಿಗಳನ್ನು ಹಾಕಿದ್ದರು.

ತಾಲ್ಲೂಕು ಕಚೇರಿಯ ಗುಮಾಸ್ತರು ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ, ಇದರಲ್ಲಿ ಮೊದಲ ಅರ್ಜಿದಾರರು ಯಾರಮ್ಮ ಎಂದು ಕೇಳಿದರಂತೆ.

"ಎಲ್ಲಿಂದ ಬೇಕಾದರೂ ಓದಿ ಸ್ವಾಮಿ" ಎಂದೆ, ಅಂದಳು.